ಕಲ್ಲಿಗಿಂತ ಎತ್ತರದ ರಸ್ತೆ

ಏಪ್ರಿಲ್ 8, ಸೋಮವಾರ

ಮುಂದೊಂದು ದಿನ ನೇಮಕಗೊಳ್ಳಲಿರುವ ನೆರೆಹಾವಳಿ ತನಿಖಾ ಸಮಿತಿಯ ಘನ ಅಧ್ಯಕ್ಷರೇ, ಅಧ್ಯಕ್ಷರ ಎಡಬಲದಲ್ಲಿ ಕೂತು ತೂಕಡಿಸಲಿರುವ ಸನ್ಮಾನ್ಯ ಸದಸ್ಯರೇ, ಹಾಗೂ ಸದಸ್ಯರಿಗೆ ಚಹಾ ತಂದಿಟ್ಟು ಬಾಗಿಲ ಬಳಿ ನಿಲ್ಲಲಿರುವ ಮಹನೀಯರೇ,

ನೀವು ಇನ್ನೂ ನೇಮಕವಾಗಿಲ್ಲ. ನೆರೆಯೂ ಇನ್ನೂ ಬಂದಿಲ್ಲ. ಆದರೆ ನೆರೆ ಬಂದ ಮೇಲೆ ನೀವೂ ಬರುತ್ತೀರಿ, ಬಂದವರೇ "ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು?" ಎಂದು ಕೇಳುತ್ತೀರಿ. ಆಗ ಅಸಾನುಮಾ ಪಟ್ಟಣ ಕಚೇರಿಯ ಸಿಬ್ಬಂದಿಯೆಲ್ಲ ಒಟ್ಟಿಗೆ ನೆಲ ನೋಡುತ್ತಾರೆ. ಅವರಲ್ಲಿ ಮೊದಲು ತಲೆಯೆತ್ತಿ ಸಿಕ್ಕಿಬೀಳುವವನು ನಾನೇ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಆದ್ದರಿಂದ ಈ ದಿನಚರಿ. ಇದನ್ನು ನನ್ನ ಹೇಳಿಕೆ ಎಂದು ಸ್ವೀಕರಿಸಬೇಕಾಗಿ ವಿನಂತಿ.

ಮಿತ್ಸುತಾಕೆ ಶಿಗೆಹಾರು, ವಯಸ್ಸು ನಲವತ್ತಾರು. ಈ ತಿಂಗಳ ವರ್ಗಾವಣೆಯಲ್ಲಿ ಗ್ರಂಥಾಲಯದಿಂದ ಕಿತ್ತು ನೀರು-ರಸ್ತೆ ಹೊಂದಾಣಿಕೆಯ ಮೇಜಿಗೆ ನೆಡಲಾಗಿದೆ. ಗ್ರಂಥಾಲಯದಲ್ಲಿ ನೀರೆಂದರೆ ಸೋರುವ ಸೂರು; ಕೆಳಗೊಂದು ಬಕೆಟ್ ಇಟ್ಟರೆ ಹೊಂದಾಣಿಕೆ ಆಗುತ್ತಿತ್ತು.

ಹುಟ್ಟಿದ್ದು ಕಾಮಿಡೆ ಹಳ್ಳಿಯ ನಾಗಾಫುಚಿ ಮನೆಯಲ್ಲಿ. ಸೇರಿದ್ದು ಶಿಮೊಡೆ ಹಳ್ಳಿಯ ಮಿತ್ಸುತಾಕೆ ಮನೆಗೆ, ಹೆಸರು ಬದಲಿಸಿಕೊಂಡು, ಮನೆ ಅಳಿಯನಾಗಿ. ಮೂರು ಸೇರು ತೌಡಿದ್ದರೂ ಸಾಕು, ಮನೆ ಅಳಿಯನಾಗಬೇಡ ಎಂಬ ಗಾದೆ ನಮ್ಮಲ್ಲಿದೆ. ನಮ್ಮಣ್ಣ ಅಳೆದು ನೋಡಿದ. ಎರಡೂವರೆ ಸೇರಿತ್ತು. ಕಳಿಸಿಬಿಟ್ಟ.

ಕಾಮಿಡೆ ಹೊಳೆಯ ಮೇಲ್ಬದಿಗೆ, ಶಿಮೊಡೆ ಕೆಳಬದಿಗೆ. ನಡುವೆ ಒಂದು ತಗ್ಗಾದ ಏರಿ, ಏರಿಯ ನೆತ್ತಿಯ ಮೇಲೆ ಪ್ರಾಂತ ಸರ್ಕಾರದ ಹೆದ್ದಾರಿ. ತಾದೆ ಹೊಳೆ ಉಕ್ಕಿದರೆ ನೀರು ಮೊದಲು ಕಾಮಿಡೆಯ ಗದ್ದೆ ತುಂಬಿ, ಏರಿ ದಾಟಿ ಶಿಮೊಡೆಯ ಗದ್ದೆಗೆ ಇಳಿಯುತ್ತದೆ. ಏರಿ ಎತ್ತರವಾದರೆ ಕಾಮಿಡೆ ಮುಳುಗುತ್ತದೆ, ತಗ್ಗಾದರೆ ಶಿಮೊಡೆ ತೋಯುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ನಮ್ಮ ಹಿರಿಯರು ತಲೆಮಾರುಗಟ್ಟಲೆ ಗುದ್ದಲಿಯಲ್ಲಿ ಹೊಡೆದಾಡಿದ್ದಾರೆ.

ಇವತ್ತು ಪ್ರಾಂತದ ರಸ್ತೆ ಕಚೇರಿಯಿಂದ ನಕ್ಷೆ ಬಂತು. ಹೆದ್ದಾರಿಯನ್ನು ಸೊಂಟದೆತ್ತರ ಏರಿಸುತ್ತಾರಂತೆ, ಅಡಿಯಲ್ಲಿ ಎರಡು ಮೋರಿ. ಮಳೆಗಾಲಕ್ಕೆ ಮೊದಲು ಪಟ್ಟಣದಿಂದ "ಆಕ್ಷೇಪವಿಲ್ಲ" ಎಂದು ಮೊಹರು ಬೀಳಬೇಕು. ಆ ಮೊಹರು ಇರುವುದು ನನ್ನ ಮೇಜಿನ ಖಾನೆಯಲ್ಲಿ.

ಸಮಿತಿ ಗಮನಿಸಬೇಕು: ನಾನು ಇನ್ನೂ ಒತ್ತಿಲ್ಲ.

*ಮೇಲೂರಿಗೆ ಬಯಲು ಬೇಕು, ಕೆಳಗಿನೂರಿಗೆ ತಡೆಯು ಬೇಕು,*
*ಹೊಳೆಗೆ ಹೋಗೋ ದಾರಿ ಬೇಕು, ನನಗೆ ನನ್ನ ಮೇಜು ಸಾಕು.*

ಏಪ್ರಿಲ್ 11, ಗುರುವಾರ

ರಸ್ತೆ ಕಚೇರಿಯ ಹಿರೊನಾಕಾ-ಸಾನ್ ಬಂದಿದ್ದರು. ಮೂವತ್ತೈದರ ಆಸುಪಾಸಿನ ಹೆಂಗಸು. ಅವರೂ ಈ ತಿಂಗಳೇ ವರ್ಗವಾಗಿ ಬಂದವರು, ಬಂದರು ವಿಭಾಗದಿಂದ. "ಅಲ್ಲಿ ನೀರು ಇದ್ದಲ್ಲೇ ಇರ್ತಿತ್ತು," ಎಂದು ನಿಟ್ಟುಸಿರಿಟ್ಟರು. ಅವರ ಮೇಲೆ ನನಗೆ ವಿಶ್ವಾಸ ಬಂತು.

"ರಸ್ತೆ ಮೇಲೆ ಬಿದ್ದ ಮಳೆನೀರು ನಮ್ದು, ಮಿತ್ಸುತಾಕೆ-ಸಾನ್. ಅದನ್ನ ಪಕ್ಕದ ಚರಂಡಿಗೆ ಇಳಿಸೋವರೆಗೆ ನಮ್ಮ ಜವಾಬ್ದಾರಿ."

"ಚರಂಡಿಗೆ ಇಳಿದ ಮೇಲೆ?"

"ನಿಮ್ದು."

"ಹೊಳೆ ನೀರು?"

"ಅದು ನಮ್ಮ ಕಚೇರೀಲೇ ಹೊಳೆ ವಿಭಾಗದ್ದು. ಅವರು ಮೂರನೇ ಮಹಡಿ."

"ಹೊಳೆ ಉಕ್ಕಿ, ಗದ್ದೆಗೆ ಬಂದು, ನಿಮ್ಮ ರಸ್ತೆಗೆ ಬೆನ್ನು ಕೊಟ್ಟು ನಿಂತ ನೀರು?"

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಅದು ಯಾರದು ಅಂತ ಯಾರನ್ನ ಕೇಳ್ಬೇಕು ಅಂತ ಕೇಳಿ ನೋಡ್ತೀನಿ."

ಅವರ ಲೆಕ್ಕದ ಕೊನೆಯ ಸಾಲು ಹೀಗಿದೆ: ರಸ್ತೆ ಏರಿಸಿ ಎರಡು ಮೋರಿ ಇಟ್ಟರೆ, ಕಾಮಿಡೆ ಕಡೆಯ ನೀರಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ತಜ್ಞರು ಹೇಳಿದ್ದಾರೆ. ತಜ್ಞರ ಮೇಲೆ ಭಾರ ಹಾಕಿ ಒತ್ತಿಬಿಡಬಹುದಿತ್ತು. "ಕಚೇರಿಯಲ್ಲಿ ಪರಿಶೀಲಿಸಲಾಗುವುದು" ಎಂದೆ. ಅವರು ತಲೆಬಾಗಿದರು, ನಾನೂ ಬಾಗಿದೆ, ಅವರು ಮತ್ತೂ ಬಾಗಿದರು. ಎತ್ತರ ತಗ್ಗಿಸುವ ವಿಷಯದಲ್ಲಿ ಎರಡು ಸರ್ಕಾರಗಳ ನಡುವೆ ಇಷ್ಟು ಸಹಕಾರ ಇನ್ನೆಲ್ಲೂ ಇಲ್ಲ.

ಏಪ್ರಿಲ್ 20, ಶನಿವಾರ

ಕಾಮಿಡೆಗೆ ಹೋಗಿದ್ದೆ. ಅಣ್ಣ ಹಿಸಾಶಿ ಬಾತುಮರಿಗಳಿಗೆ ಗೂಡು ಕಟ್ಟುತ್ತಿದ್ದ. ನಾಟಿಯಾದ ಮೇಲೆ ಅವನ್ನು ಗದ್ದೆಗೆ ಬಿಡುತ್ತಾನೆ. ಕಳೆ ತಿನ್ನುತ್ತವೆ, ಹುಳ ತಿನ್ನುತ್ತವೆ, ಕೊನೆಗೆ ಅವನ್ನು ಇವನು ತಿನ್ನುತ್ತಾನೆ.

"ಬಾರೋ ತೌಡು! ಮುಳುಗಿಸೋಕೆ ಮುಂಚೆ ಇನ್ನೊಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ಯಾ?"

"ಅಣ್ಣಾ, ಲೆಕ್ಕದ ಪ್ರಕಾರ ಬದಲಾವಣೆ ಇಲ್ಲ."

"ಲೆಕ್ಕ ಈಜುತ್ತೆ ಕಣೋ. ಚಾಪೆ ಈಜಲ್ಲ."

ಕೈ ಒರೆಸಿಕೊಂಡು ನಡುಮನೆಗೆ ಕರೆದೊಯ್ದ. ನಮ್ಮ ಮನೆಯ ಕಂಬದಲ್ಲೊಂದು ಗಂಟಿದೆ. ಅಪ್ಪನ ಕಾಲದ ದೊಡ್ಡ ನೆರೆಯಲ್ಲಿ, ಸೇತುವೆಯೇ ಕೊಚ್ಚಿಹೋದ ವರ್ಷ, ನೀರು ಬಂದಿದ್ದು ಆ ಗಂಟಿನವರೆಗೆ. ನೆಲದ ತುಂಬ ಹಾಸಿದ ದಪ್ಪ ಹುಲ್ಲುಚಾಪೆಗಳು ಒಣಗೇ ಉಳಿದಿದ್ದವು. ಎರಡು ವರ್ಷದ ಹಿಂದಿನ ಮಳೆ ಅದರ ಅರ್ಧವೂ ಇರಲಿಲ್ಲ. ಆದರೆ ಆಗ ನೀರು ನಿಂತ ಗುರುತು ಗಂಟಿಗಿಂತ ಮೇಲಿದೆ.

"ಮಳೆ ಕಮ್ಮಿ, ನೀರು ಜಾಸ್ತಿ. ಏನಿದು?" ಎಂದ ಅಣ್ಣ.

"ಕಾಲ ಕೆಟ್ಟಿದೆ ಅಂತಾರೆ ಟೀವಿಯಲ್ಲಿ."

"ಟೀವಿಯವರ ಮನೆ ಯಾವ ಬದಿಗಿದೆ?"

ಹೊರಡುವಾಗ ಅತ್ತಿಗೆ ಉಪ್ಪಿನಕಾಯಿ ಕಟ್ಟಿಕೊಟ್ಟರು. ಅಣ್ಣ ಗೇಟಿನವರೆಗೆ ಬಂದು, ಇನ್ನೆಲ್ಲೋ ನೋಡುತ್ತ, "ಇನ್ನೊಂದು ಸಲ ಚಾಪೆ ತೆಗೆದು ಹಾಸೋ ಶಕ್ತಿ ಇಲ್ಲ ಕಣೋ. ಬಾಗಿಲು ಹಾಕ್ಕೊಂಡು ಪಟ್ಟಣಕ್ಕೆ ಹೋಗ್ಬಿಡ್ತೀವಿ," ಎಂದ. ತಮಾಷೆ ಇರಲಿಲ್ಲ ಅದರಲ್ಲಿ.

ಏಪ್ರಿಲ್ 21, ಭಾನುವಾರ

ಎದುರು ಪಕ್ಷದ ಹೇಳಿಕೆಯನ್ನೂ ದಾಖಲಿಸುವುದು ನ್ಯಾಯ.

ಅತ್ತೆ ಎಡಗೈಯಲ್ಲಿ ಊಟ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅದೇ ನೆರೆಯ ದಿನ ಅವರಿಗೆ ಲಕ್ವ ಹೊಡೆಯಿತು. ಹೆದ್ದಾರಿ ಮುಳುಗಿತ್ತು. ಆಂಬುಲೆನ್ಸ್ ಗುಡ್ಡ ಸುತ್ತಿ ಬಂತು. ಜೀವ ಉಳಿಯಿತು, ಬಲಗೈಯೂ ನಡಿಗೆಯೂ ಉಳಿಯಲಿಲ್ಲ.

ಮಾವ ಮಿಸೊ ಸಾರಿನ ಬಟ್ಟಲು ಕೆಳಗಿಟ್ಟು, "ರಸ್ತೆ ಎತ್ತರ ಇದ್ದಿದ್ರೆ ಇವಳ ಕೈ ಇವತ್ತು ನನ್ನ ಬೆನ್ನು ತಿಕ್ತಿತ್ತು," ಎಂದರು.

"ಕೈ ಇದ್ದಾಗ್ಲೂ ನಾನು ತಿಕ್ಕಿರ್ಲಿಲ್ಲ ಬಿಡಿ," ಎಂದರು ಅತ್ತೆ.

ಮಾವ ನಗಲಿಲ್ಲ. "ಅಳಿಯಂದ್ರೇ, ಆ ಕಾಗದ ನಿಮ್ಮ ಮೇಜಿಗೇ ಬಂದಿದೆಯಂತೆ. ನೀವು ಯಾವ ಮನೆ ಅನ್ನ ತಿಂತಿದೀರಿ ಅನ್ನೋದನ್ನ ಮಾತ್ರ ಮರೀಬೇಡಿ."

ನನ್ನ ಹೆಂಡತಿ ಯೊರಿಕೊ ಅತ್ತಿಗೆಯ ಉಪ್ಪಿನಕಾಯಿಯ ತಟ್ಟೆಯನ್ನು ನಡುವೆ ತಂದಿಟ್ಟಳು. ಒಂದು ಮನೆ ಅನ್ನ, ಇನ್ನೊಂದು ಮನೆ ಉಪ್ಪಿನಕಾಯಿ. ನುಂಗಿದೆ.

ಏಪ್ರಿಲ್ 28, ಭಾನುವಾರ

ಹಗ್ಗ ಹೊಸೆಯುವ ದಿನ. ಸಮಿತಿಯವರು ಹೊರಗಿನವರಿರಬಹುದಾದ್ದರಿಂದ ಹೇಳುತ್ತೇನೆ.

ಗುದ್ದಲಿ ಕಾಲದ ಕೊನೆಗೆ ಎರಡೂ ಹಳ್ಳಿಯ ಹಿರಿಯರು ಒಂದು ರಾಜಿಗೆ ಬಂದರು. ತಗ್ಗಿನ ಏರಿಯ ಎರಡು ತುದಿಗೆ ಎರಡು ಕಲ್ಲು ನೆಟ್ಟರು. ಕಲ್ಲಿನ ತಲೆಯೇ ಗಡಿ. ಅದಕ್ಕಿಂತ ಎತ್ತರಕ್ಕೆ ಯಾರೂ ಒಂದು ಬುಟ್ಟಿ ಮಣ್ಣು ಹಾಕುವಂತಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹುಲ್ಲಿನ ಹಗ್ಗ ಹೊಸೆದು, ಅರ್ಧ ಅವರು ಅರ್ಧ ನಾವು, ನಡುವೆ ಗಂಟು ಹಾಕಿ, ಕಲ್ಲಿನ ತಲೆಯಿಂದ ಕಲ್ಲಿನ ತಲೆಗೆ ಎಳೆಯಬೇಕು. ಹಗ್ಗದ ಕೆಳಗೆ ಒಂದು ಬಾತುಕೋಳಿ ಹಾಯಬೇಕು. ಹಾಯ್ದರೆ ಕಾಮಿಡೆಯವರು "ಕಲ್ಲಿಗಿಂತ ಎತ್ತರ ಮಣ್ಣಿಲ್ಲ" ಎನ್ನುತ್ತಾರೆ. ಶಿಮೊಡೆಯವರು "ಮಾತಿಗಿಂತ ಎತ್ತರ ಕಲ್ಲಿಲ್ಲ" ಎಂದು ಉತ್ತರಿಸುತ್ತಾರೆ. ಆಮೇಲೆ ಎಲ್ಲರೂ ಕುಡಿಯುತ್ತಾರೆ. ಬಾತುಕೋಳಿಯನ್ನು ತರುವುದು ನಾನು ಹುಟ್ಟುವ ಮೊದಲೇ ನಿಂತಿದೆ. ಕುಡಿಯುವುದು ನಿಂತಿಲ್ಲ.

ಹಗ್ಗ ಉದ್ದ, ಜೋಲುತ್ತದೆ. ಅದಕ್ಕೇ ನಡುವಿನ ಗಂಟನ್ನು ಒಬ್ಬ ಎತ್ತಿ ಹಿಡಿಯಬೇಕು. ಗುಡಿಯ ಪೂಜಾರಿ ಹಿಡಿಯುತ್ತಿದ್ದರು, ಎದೆಯ ಎತ್ತರಕ್ಕೆ. ಅವರ ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆಗಿದೆ.

"ಎರಡೂ ಕಡೆಯವನು ಇವನೇ ಅಲ್ವಾ, ಇವನೇ ಹಿಡೀಲಿ," ಎಂದ ಅಣ್ಣ.

"ಯಾವ ಕಡೆಯವನೂ ಅಲ್ಲ ಅನ್ನು," ಎಂದರು ಮಾವ.

ನಾನು ಹುಲ್ಲು ಹೊಸೆಯುತ್ತಲೇ ಇದ್ದೆ. ಎಂಬತ್ತು ದಾಟಿದ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತು ಹೇಳಿದರು, ತಮ್ಮ ಗಂಡ ಕಲ್ಲಿಗೆ ಹಗ್ಗ ಕಟ್ಟುವಾಗ ನಿಂತೇ ಕಟ್ಟುತ್ತಿದ್ದರಂತೆ. ಈಗಿನವರು ರಸ್ತೆಯಂಚಿನಲ್ಲಿ ಮಂಡಿಯೂರಿ, ಬಗ್ಗಿ ಕಟ್ಟುತ್ತಾರೆ. ಭಕ್ತಿ ಹೆಚ್ಚಾಗಿದೆ, ಒಳ್ಳೆಯದೇ, ಎಂದರು.

ನಾನೂ ಇಷ್ಟು ವರ್ಷ ಭಕ್ತಿ ಎಂದೇ ತಿಳಿದಿದ್ದೆ.

ಮೇ 2, ಗುರುವಾರ

ಮಳೆ. ಮೊಹರು ಖಾನೆಯಲ್ಲಿ. ಖಾನೆಗೆ ಬೀಗ. ಬೀಗದ ಕೈ ಹಿಂದಿನ ಅಧಿಕಾರಿ ತೆಗೆದುಕೊಂಡು ಹೋಗಿದ್ದಾರೆಂದು ಎಲ್ಲರಿಗೂ ಹೇಳಿದ್ದೇನೆ.

ಮೇ 8, ಬುಧವಾರ

ಹಿರೊನಾಕಾ-ಸಾನ್ ಜೊತೆ ಫೋನು.

"ಬದಲಾವಣೆ ಇಲ್ಲ ಅಂದ್ರಲ್ಲ, ಯಾವುದಕ್ಕೆ ಹೋಲಿಸಿ?"

"ಈಗಿರೋ ರಸ್ತೆಗೆ."

"ಈಗಿರೋ ರಸ್ತೆ ಎಷ್ಟು ಎತ್ತರ ಇದೆ?"

"ಈಗ ಎಷ್ಟಿದೆಯೋ ಅಷ್ಟು." ಫೋನಿನಲ್ಲಿ ಹಾಳೆ ತಿರುವಿದ ಸದ್ದು. "ಯಾಕೆ ಮಿತ್ಸುತಾಕೆ-ಸಾನ್?" ಎಂದರು.

"ಸುಮ್ನೆ."

ಸಂಜೆ ಮನೆಗೆ ಬರುವಾಗ ಸೈಕಲ್ ಇಳಿದು ಕಲ್ಲಿನ ಬಳಿ ಕೂತೆ. ಪಾಚಿ ಕೆರೆದೆ. ರಸ್ತೆಯ ಅಂಚು ಕತ್ತರಿಸಿದ ಪದರದ ಕೇಕಿನ ಹಾಗಿದೆ: ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಡಾಂಬರು. ಪ್ರಾಂತದವರು ಕೆಲವು ವರ್ಷಕ್ಕೊಮ್ಮೆ ಬಂದು ಹಳೆಯದರ ಮೇಲೇ ಹೊಸದನ್ನು ಹಾಸಿ ಹೋಗುತ್ತಾರೆ. ಪ್ರತಿ ಸಲ ಎರಡೂ ಹಳ್ಳಿಯವರು ಕಾರ್ಮಿಕರಿಗೆ ಚಹಾ ಕೊಟ್ಟು ವಂದಿಸುತ್ತೇವೆ. ಸಮಿತಿಗೆ ಹೇಳುವಂಥ ವಿಶೇಷ ಏನೂ ಕಾಣಲಿಲ್ಲ.

ಆಮೇಲೆ ಹಿರೊನಾಕಾ-ಸಾನ್‌ಗೆ ಮತ್ತೆ ಫೋನು ಮಾಡಿ, ಭಾನುವಾರ ನಮ್ಮಲ್ಲೊಂದು ಹಳೆಯ ಸಂಪ್ರದಾಯವಿದೆ, ನೋಡಲು ಬನ್ನಿ ಎಂದೆ. ಸಂಸ್ಕೃತಿ ವಿನಿಮಯ.

ಮೇ 12, ಭಾನುವಾರ

ಕೈ ಜಾರಿತು.

ಕಾರಣಗಳನ್ನು ದಾಖಲಿಸುತ್ತೇನೆ: ಬೆಳಗಿನ ಮಂಜು, ಹೊಸ ಹುಲ್ಲಿನ ನುಣುಪು, ಹಾಗೂ ಅಭ್ಯಾಸವಿಲ್ಲದ ಒಂದು ಬಟ್ಟಲು ಸಾಕೆ ಮದ್ಯ.

ಆ ತುದಿಯಲ್ಲಿ ಅಣ್ಣ ಮಂಡಿಯೂರಿ ಹಗ್ಗ ಕಟ್ಟಿದ. ಈ ತುದಿಯಲ್ಲಿ ಮಾವ. ನಾನು ರಸ್ತೆಯ ನಡುವೆ ಗಂಟು ಹಿಡಿದು ಎದೆಯೆತ್ತರಕ್ಕೆ ಎತ್ತಿದೆ. ಎರಡೂ ಹಳ್ಳಿ ಸಾಲಾಗಿ ನಿಂತಿತ್ತು. ಹಗ್ಗ ಗುಡಾರದ ಹಾಗೆ ಎರಡು ಕಡೆಗೂ ಇಳಿದಿತ್ತು. ಅದರ ಕೆಳಗೆ ಬಾತುಕೋಳಿಯೇನು, ಹಸುವೇ ಹಾಯಬಹುದಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು. ಎಷ್ಟೋ ವರ್ಷಗಳಿಂದ ಹಾಗೇ ನೋಡುತ್ತ ಬಂದಿದ್ದರು.

ಆಗ ಕೈ ಜಾರಿತು. ಹಗ್ಗ ರಸ್ತೆಯ ಮೇಲೆ ಬಿತ್ತು.

ಬಿದ್ದದ್ದು ಮಲಗಿತು. ಕಲ್ಲಿನ ತಲೆಯಿಂದ ಹೊರಟು, *ಮೇಲಕ್ಕೆ* ಹತ್ತಿ, ಡಾಂಬರಿನ ಮೇಲೆ ಉದ್ದಕ್ಕೂ ಮಲಗಿ, ಆ ತುದಿಯಲ್ಲಿ ಮತ್ತೆ *ಕೆಳಕ್ಕೆ* ಇಳಿದು ಕಲ್ಲಿನ ತಲೆ ಸೇರಿತ್ತು.

ಮಾವನೇ ಮೊದಲು ಮಾತಾಡಿದರು. "ಅಳಿಯಂದ್ರ ಕೈ ಜಾರಿತು. ಎತ್ತಿ ಹಿಡೀರಿ."

ಎತ್ತಲು ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಪೂಜಾರಿಯ ಸೊಂಟದ್ದೇ ದೋಷವಿರಬೇಕು, ಆ ಜಾಗಕ್ಕೆ ಬಂದವರಿಗೆಲ್ಲ ತಗಲುತ್ತದೆ. ಬಗ್ಗಿದವನು ಬಗ್ಗಿಯೇ ಇದ್ದೆ.

"ಬಾತುಕೋಳಿ ಹಾಯಬೇಕಲ್ವಾ?" ಎಂದ ಅಣ್ಣ ಆ ತುದಿಯಿಂದ. "ಇರುವೆ ಹಾಯ್ಲಿ ನೋಡೋಣ."

"ಡಾಂಬರು ಮಣ್ಣಲ್ಲ," ಎಂದರು ನಮ್ಮ ಕಡೆಯ ಯಾರೋ.

"ನೀರಿಗೆ ಹೇಳು ಅದನ್ನ."

ಹಿರೊನಾಕಾ-ಸಾನ್ ಕಲ್ಲಿನ ಬಳಿ ಬಂದು ಮಂಡಿಯೂರಿದರು. ಒಳ್ಳೆಯ ಸ್ಕರ್ಟ್ ಹಾಕಿಕೊಂಡು ಬಂದಿದ್ದರು ಪಾಪ, ಸಂಪ್ರದಾಯ ನೋಡಲೆಂದು. ಕಲ್ಲಿನ ತಲೆಯಿಂದ ರಸ್ತೆಯ ಮೇಲ್ಮೈವರೆಗೆ ಕೈಯಲ್ಲಿ ಅಳೆದರು. ಒಂದೂವರೆ ಗೇಣು.

"ನಮ್ಮ ಲೆಕ್ಕ ಇಲ್ಲಿಂದ ಶುರುವಾಗಿದೆ," ಎಂದು ಡಾಂಬರು ಮುಟ್ಟಿದರು. ಆಮೇಲೆ ಕಲ್ಲನ್ನು ಮುಟ್ಟಿದರು. "ಇಲ್ಲಿಂದ ಆಗ್ಬೇಕಿತ್ತು."

ಕಾಮಿಡೆಯವರು ತಮ್ಮ ಸಾಲು ಹೇಳಲಿಲ್ಲ. ಆದ್ದರಿಂದ ಶಿಮೊಡೆಯವರಿಗೆ ಉತ್ತರಿಸಲು ಏನೂ ಇರಲಿಲ್ಲ. ಯಾರೂ ಕುಡಿಯದೆ ಮನೆಗೆ ಹೋದರು. ಹೀಗೆ ಯಾವತ್ತೂ ಆಗಿರಲಿಲ್ಲವಂತೆ.

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಮೇ 13, ಸೋಮವಾರ

ಊಟಕ್ಕೆ ಮೂಲಂಗಿ ಮಾತ್ರ.

ಮೇ 14, ಮಂಗಳವಾರ

ಮೂಲಂಗಿ.

ಮೇ 19, ಭಾನುವಾರ

ಮಾವ ವಾರದಿಂದ ನನ್ನ ಜೊತೆ ಮಾತಾಡಿಲ್ಲ. "ಅವರಿಗೆ ಉಪ್ಪು ಕೊಡು" ಎಂದು ಯೊರಿಕೊಗೆ ಹೇಳುತ್ತಾರೆ. ಅವರು ಅಂದರೆ ನಾನು, ಕೂತಿರುವುದು ಎದುರಿಗೇ.

ಬಟ್ಟೆ ಮಡಚುತ್ತ ಯೊರಿಕೊ ಕೇಳಿದಳು, "ರೀ, ಕೈ ಹೇಗಿದೆ?"

"ಪರವಾಗಿಲ್ಲ."

"ಸೊಂಟ?"

"ಅದೂ ಪರವಾಗಿಲ್ಲ."

"ಹಾಗಾದ್ರೆ ಎದ್ದು ಹೋಗಿ ಅಪ್ಪನಿಗೆ ಹೇಳಿ. ರಸ್ತೆ ಇಳಿದ್ರೂ ಮೋರಿ ಹೆಚ್ಚಾದ್ರೂ ನೀರು ಮೊದಲು ಬರೋದು ನಮ್ಮ ಅಂಗಳಕ್ಕೆ. ಅದನ್ನ ಬೇರೆಯವರ ಬಾಯಿಂದ ಕೇಳಿಸಬೇಡಿ."

ನಿಜ. ಏರಿಯ ಕೆಳಗೆ ಮೊದಲ ಮನೆ ಮಿತ್ಸುತಾಕೆ ಮನೆ. ಸಮಿತಿಗೆ ಇದನ್ನು ಮೊದಲೇ ಹೇಳಬೇಕಿತ್ತೇನೋ. ಕೇಳಿರಲಿಲ್ಲವಲ್ಲ.

ಮಾವ ಹಿತ್ತಲಲ್ಲಿ ಬದನೆಗೆ ಕೋಲು ನೆಡುತ್ತಿದ್ದರು. ಹೇಳಿದೆ. ಅವರು ಕೋಲು ನೆಡುವುದನ್ನು ನಿಲ್ಲಿಸಲಿಲ್ಲ.

ಜೂನ್ 5, ಬುಧವಾರ

ಶಿಮೊಡೆಯ ಸಮುದಾಯ ಭವನದಲ್ಲಿ ಸಭೆ. ಹಿರೊನಾಕಾ-ಸಾನ್ ಬಂದರು. ಅವರ ಜೊತೆ ಹೊಳೆ ವಿಭಾಗದ ಅಧಿಕಾರಿಯೂ ಬಂದರು. ಇಪ್ಪತ್ತು ವರ್ಷದಲ್ಲಿ ಮೂರನೇ ಮಹಡಿ ಕೆಳಗಿಳಿದದ್ದು ಇದೇ ಮೊದಲು ಎಂದು ನಮ್ಮ ಮೇಯರ್ ಕಿವಿಯಲ್ಲಿ ಹೇಳಿದರು. ಕಾಮಿಡೆಯ ಪರವಾಗಿ ಅಣ್ಣ ಬಂದು ಬಾಗಿಲ ಬಳಿ ಕೂತ.

ನಾನು ನಕ್ಷೆ ಹಾಸಿ ನೀಲಿ ಪೆನ್ಸಿಲ್‌ನಲ್ಲಿ ನೀರಿನ ದಾರಿ ಎಳೆದೆ. ಏರಿ ದಾಟಿ, ಗದ್ದೆಗಿಳಿದು, ಮೊದಲ ಮನೆ. ಪೆನ್ಸಿಲ್ ಅಲ್ಲಿ ಒಂದಿಷ್ಟು ನಿಂತಿತು.

ತೀರ್ಮಾನಕ್ಕೆ ಇಟ್ಟದ್ದು ಹೀಗೆ. ಈ ತಿಂಗಳು ಹೇಗೂ ಅಲ್ಲಿ ಹೊಸ ಡಾಂಬರು ಹಾಕುವುದಿತ್ತು. ಈ ಸಲ ಹಳೆಯದನ್ನೆಲ್ಲ ಕೆರೆದು ತೆಗೆದು, ಕಲ್ಲಿನ ತಲೆಗಿಂತ ಕೆಳಗೆ ತೆಳುವಾಗಿ ಹಾಸುವುದು. ಮುಂದೆ ರಸ್ತೆ ಏರಿಸುವುದಾದರೆ ಲೆಕ್ಕ ಕಲ್ಲಿನಿಂದ ಶುರುವಾಗಬೇಕು. ಆಗ ಎರಡು ಮೋರಿ ಸಾಲದು, ಏಳು ಬೇಕು.

"ಅಲ್ಲಿವರೆಗೆ ರಸ್ತೆ ಮುಳುಗುತ್ತೆ," ಎಂದರು ಮಾವ. ಹಗ್ಗ ಬಿದ್ದ ದಿನದ ಮೇಲೆ ಮೊದಲ ಬಾರಿ ನೇರವಾಗಿ ನನಗೆ. "ಮನೇಲಿ ಒಬ್ಬಳು ಕಾಯಿಲೆಯವಳಿದ್ದಾಳೆ. ಮುಳುಗೋ ದಿನ ಅವಳಿಗೇನಾದ್ರೂ ಆದ್ರೆ?"

"ಮುಳುಗೋಕೆ ಮುಂಚೆ ಕರ್ಕೊಂಡು ಹೋಗೋದು ಮಾವ. ಮೇಲಿನ ಸೇತುವೆ ಹತ್ರ ಹೊಳೆ ಏರ್ತಿದ್ದ ಹಾಗೆ ಹೊಳೆ ವಿಭಾಗದವರು ರಸ್ತೆ ಕಚೇರಿಗೆ ಹೇಳ್ತಾರೆ, ರಸ್ತೆ ಕಚೇರಿಯವರು ಪಟ್ಟಣಕ್ಕೆ ಹೇಳ್ತಾರೆ, ಪಟ್ಟಣದ ಗಾಡಿ ಬಂದು ನಡೆಯೋಕಾಗದವರನ್ನೆಲ್ಲ ಆಸ್ಪತ್ರೆ ಕಡೆಗೆ ಸಾಗಿಸುತ್ತೆ. ರಸ್ತೆ ಒಣಗಿರುವಾಗಲೇ."

"ಇವರು ಅವರಿಗೆ ಹೇಳ್ತಾರೆ, ಅವರು ಇವರಿಗೆ ಹೇಳ್ತಾರೆ. ಆ ದಿನ ಯಾರೂ ಹೇಳ್ಲಿಲ್ಲ. ನಮ್ಮ ಮನೆಗೆ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ."

"ಯಾವ ಇಲಾಖೆ?"

"ಇಲಾಖೆ ಅಲ್ಲ. ನಾನು."

ನಮ್ಮಲ್ಲಿ ಇಂಥ ಸಭೆಗಳಲ್ಲಿ ಯಾರೂ ಕೈ ಎತ್ತುವುದಿಲ್ಲ. ಬಹಳ ಹೊತ್ತು ಎಲ್ಲರೂ ಮೊಣಕಾಲು ನೋಡಿಕೊಂಡು ಕೂತಿರುತ್ತಾರೆ. ಬೇಡ ಅನ್ನುವವನು ಎದ್ದು ಹೋಗುತ್ತಾನೆ. ಮಾವ ಏಳಲಿಲ್ಲ. ಕೊನೆಗೆ ತಮ್ಮ ಮುಂದಿದ್ದ ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದರು. ಆರಿತ್ತು. ಕುಡಿದೆ.

ಕಚೇರಿಗೆ ಹೋಗಿ ಖಾನೆ ತೆಗೆದು, ಷರತ್ತುಗಳನ್ನೆಲ್ಲ ಬರೆದು, ಮೊಹರು ಒತ್ತಿದೆ. ಬೀಗದ ಕೈ ಅಂಗಿಯ ಜೇಬಿನಲ್ಲೇ ಇತ್ತು.

ಜೂನ್ 18, ಮಂಗಳವಾರ

ರಸ್ತೆ ಕೆರೆದರು. ತೆಳುವಾಗಿ ಹಾಸಿದರು. ಅಣ್ಣ ಗುಡಿಯಲ್ಲಿಟ್ಟಿದ್ದ ಹಗ್ಗವನ್ನು ಹೊತ್ತುಕೊಂಡು ಬಂದ, ಕಂಕುಳಲ್ಲಿ ಒಂದು ಬಾತುಕೋಳಿ. ಹಗ್ಗ ಎಳೆದರು. ನಡುವೆ ನಾನೇ ಹಿಡಿದೆ, ಜೋಲದಷ್ಟು ಮಾತ್ರ. ಬಾತುಕೋಳಿಯನ್ನು ಬಿಟ್ಟರೆ ಅದು ಹಗ್ಗದ ಮುಂದೆ ಕೂತುಬಿಟ್ಟಿತು. ಅಣ್ಣ ತಳ್ಳಿದ. ಹಿರೊನಾಕಾ-ಸಾನ್ ಗೌರವದಿಂದ "ದಯವಿಟ್ಟು" ಎಂದರು. ಕೊನೆಗೆ ಅತ್ತೆ ಗಾಲಿಕುರ್ಚಿಯಿಂದಲೇ ಎಡಗೈಯಲ್ಲಿ ಅನ್ನದಗುಳು ಎಸೆದರು. ತಲೆ ತಗ್ಗಿಸಿ ಹಾಯ್ದುಹೋಯಿತು.

"ತಲೆ ತಗ್ಗಿಸಿದ್ರೆ ನಡೆಯುತ್ತಾ?" ಎಂದರು ಯಾರೋ.

"ಸರ್ಕಾರಿ ಕೆಲಸದಲ್ಲಿ ಎಲ್ಲರೂ ಹಾಗೇ ಹಾಯೋದು," ಎಂದ ಅಣ್ಣ.

ಕಾಮಿಡೆಯವರು ತಮ್ಮ ಸಾಲು ಹೇಳಿದರು. ಶಿಮೊಡೆಯವರು ಉತ್ತರಿಸಿದರು. ಮಾವನ ದನಿ ಎಲ್ಲರಿಗಿಂತ ಕೆಳಗಿತ್ತು, ಆದರೆ ಇತ್ತು.

ಜುಲೈ 9, ಮಂಗಳವಾರ

ಮೂರು ದಿನದಿಂದ ಬಿಟ್ಟಿಲ್ಲ. ಮಧ್ಯಾಹ್ನ ಹಿರೊನಾಕಾ-ಸಾನ್ ಫೋನು: "ಮೇಲಿನ ಸೇತುವೆ ಹತ್ರ ಏರ್ತಿದೆ. ನಾಳೆ ಬೆಳಿಗ್ಗೆ ನಮ್ಮ ರಸ್ತೆ ಮುಳುಗುತ್ತೆ." ನಮ್ಮ ರಸ್ತೆ ಎಂದರು. ಗಾಡಿ ಕಳಿಸಿದೆ. ಶಿಮೊಡೆಗೆ ಓಡಿದೆ. ಅತ್ತೆ ತಮ್ಮ ಬಾಚಣಿಗೆಗಾಗಿ ಜಗಳ ತೆಗೆದರು. ಬಾಚಣಿಗೆ ಸಿಕ್ಕಿತು. ಹೊರಟರು. ಯೊರಿಕೊ ಜೊತೆಗೆ ಹೋದಳು. ಚಾಪೆಗಳನ್ನು ಮಾವನೂ ನಾನೂ ಅಟ್ಟಕ್ಕೆ ಸಾಗಿಸಿದೆವು.

ಜುಲೈ 10, ಬುಧವಾರ

ಬೆಳಿಗ್ಗೆ ಬಂತು. ರಸ್ತೆಯ ಉದ್ದಕ್ಕೂ ಒಂದೇ ಸಮನೆ ದಾಟಿತು, ಅಂಚು ಮಡಚಿದ ಕಂದು ಬಟ್ಟೆಯ ಹಾಗೆ. ಸದ್ದು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಗದ್ದೆ. ನಮ್ಮ ಅಂಗಳ. ಬದನೆ ಗಿಡಗಳು ಹೋದವು, ಕೋಲುಗಳು ನಿಂತೇ ಇದ್ದವು. ಮೆಟ್ಟಿಲು. ಹೊಸ್ತಿಲು. ಅಡುಗೆಮನೆಯ ನೆಲ.

ಮಾವ ಅಟ್ಟದ ಕಿಟಕಿಯಲ್ಲಿ ಕೂತಿದ್ದರು. "ಬಂತು ನೋಡಿ ನಿಮ್ಮ ಅಣ್ಣನ ನೀರು."

"ನಮ್ಮ ನೀರೇ ಮಾವ."

ಅವರು ಅನ್ನದುಂಡೆಯ ಪೊಟ್ಟಣ ಬಿಚ್ಚಿ ಒಂದು ನನಗೆ ಕೊಟ್ಟರು.

ಅಣ್ಣನ ಫೋನು. "ಗಂಟಿನ ಹತ್ರ ನಿಂತಿದೆ ಕಣೋ. ಅಪ್ಪನ ಗಂಟು. ಚಾಪೆ ಒಣಗಿದೆ."

ಜುಲೈ 13, ಶನಿವಾರ

ನೀರಿಳಿಯಿತು. ಬೆಳಿಗ್ಗೆ ಕಾಮಿಡೆಯ ಇಪ್ಪತ್ತು ಜನ ಗುದ್ದಲಿ ಹಿಡಿದು ಏರಿ ದಾಟಿ ಬಂದರು. ಹಿಂದೆಯೂ ಗುದ್ದಲಿ ಹಿಡಿದೇ ಬರುತ್ತಿದ್ದರು, ಬೇರೆ ಕೆಲಸಕ್ಕೆ. ಕೆಸರು ತೆಗೆದರು. ಅತ್ತಿಗೆ ಉಪ್ಪಿನಕಾಯಿ ತಂದರು. ಹಿರೊನಾಕಾ-ಸಾನ್ ಕೂಡ ಬಂದರು, ಈ ಸಲ ರಬ್ಬರ್ ಬೂಟು ಹಾಕಿಕೊಂಡು, ಏಳು ಮೋರಿಯ ನಕ್ಷೆ ಕಂಕುಳಲ್ಲಿ. ನೋಡಲು ಯಾರಿಗೂ ಕೈ ಬಿಡುವಿರಲಿಲ್ಲ.

ಅಣ್ಣ ಗುದ್ದಲಿಗೆ ಒರಗಿ ಮಾವನನ್ನು ಕೇಳಿದ, "ಎರಡೂವರೆ ಸೇರು ತೌಡು ನಿಮ್ಮ ಮನೆಗೆ ಕೊಟ್ಟಿದ್ವಲ್ಲ, ಹೆಂಗೆ ನಡೀತಿದೆ?"

ಮಾವ ಯೋಚಿಸಿದರು.

"ಕೈ ಸ್ವಲ್ಪ ಜಾರುತ್ತೆ," ಎಂದರು. "ಉಳಿದಂತೆ ಪರವಾಗಿಲ್ಲ."

ಜುಲೈ 15, ಸೋಮವಾರ

ಘನ ಅಧ್ಯಕ್ಷರೇ, ಸನ್ಮಾನ್ಯ ಸದಸ್ಯರೇ,

ನೀವು ಬರುವುದಿಲ್ಲ. ಇವತ್ತು ಪ್ರಾಂತದಿಂದ ತಿಳಿಸಿದ್ದಾರೆ. ಯಾರೂ ಸಾಯದ, ಯಾವ ಮನೆಯೂ ಬೀಳದ ನೆರೆಗೆ ಸಮಿತಿ ನೇಮಿಸುವ ಪದ್ಧತಿ ಇಲ್ಲವಂತೆ. ಆ ಚಹಾ ತರುವ ಮಹನೀಯರಿಗೆ ಮಾತ್ರ ನನ್ನ ವಿಷಾದ.

ಆದರೂ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಮೇ ಹನ್ನೆರಡರಲ್ಲಿ ಮಂಜು ಎಂದಿದೆ. ಅಂದು ಬಿಸಿಲಿತ್ತು. ಹೊಸ ಹುಲ್ಲು ಎಂದಿದೆ. ಹೊಸ ಹುಲ್ಲು ಒರಟು, ಅಂಗೈ ಕಚ್ಚುತ್ತದೆ. ಸಾಕೆಯನ್ನು ನಾನು ಮುಟ್ಟಿರಲೇ ಇಲ್ಲ.

ಕೈ ಜಾರಲಿಲ್ಲ. ನಾನೇ ಬಿಟ್ಟೆ.